ಸೋಲದೆ ಹೊರಗೆ ಹೋದ ನಾಲ್ಕು ತಂಡಗಳು
1871–72ರ ಎಫ್.ಎ. ಕಪ್ ಮತ್ತು ನಾಕೌಟ್ ಟೂರ್ನಿಯ ಲೆಕ್ಕ



ಪ್ರಥಮ ಪಿಯುಸಿಯಲ್ಲಿ ‘ಕ್ರಮಯೋಜನೆ ಮತ್ತು ವಿಕಲ್ಪ’ ಅಧ್ಯಾಯ ಶುರು ಮಾಡುವ ಮೊದಲು ನಾನು ಪ್ರತಿವರ್ಷ ಒಂದು ಪ್ರಶ್ನೆ ಕೇಳುತ್ತೇನೆ. ಒಂದು ಫುಟ್‌ಬಾಲ್ ಟೂರ್ನಿಗೆ 15 ತಂಡಗಳು ಹೆಸರು ಕೊಟ್ಟಿವೆ. ಸೋತ ತಂಡ ಹೊರಗೆ, ಗೆದ್ದ ತಂಡ ಮುಂದಿನ ಸುತ್ತಿಗೆ. ಕೊನೆಗೆ ಒಂದು ತಂಡ ಕಪ್ ಎತ್ತಬೇಕು. ಹಾಗಾದರೆ ಒಟ್ಟು ಎಷ್ಟು ಪಂದ್ಯಗಳು ನಡೆಯಬೇಕು?

ಹೆಚ್ಚಿನವರು ಕೂಡಲೇ ನೋಟ್ ಪುಸ್ತಕದಲ್ಲಿ ಗೆರೆ ಎಳೆದು ನಕ್ಷೆ ಬರೆಯುತ್ತಾರೆ. ಮೊದಲ ಸುತ್ತಿನಲ್ಲಿ 7 ಪಂದ್ಯ, ಒಂದು ತಂಡಕ್ಕೆ ಆಡದೆ ಮುಂದಿನ ಸುತ್ತು. ಉಳಿದದ್ದು 8 ತಂಡ. ಆಮೇಲೆ 4 ಪಂದ್ಯ, 2 ಪಂದ್ಯ, 1 ಫೈನಲ್. ಒಟ್ಟು 7 + 4 + 2 + 1 = 14. ಉತ್ತರ ಸರಿ. ಆದರೆ ನಕ್ಷೆಯೇ ಬೇಕಾಗಿಲ್ಲ. 15 ತಂಡಗಳಲ್ಲಿ ಒಂದು ಉಳಿಯಬೇಕೆಂದರೆ 14 ಹೊರಗೆ ಹೋಗಬೇಕು. ಒಂದು ಪಂದ್ಯ ಒಂದೇ ತಂಡವನ್ನು ಹೊರಗೆ ಕಳಿಸುತ್ತದೆ. ಆದ್ದರಿಂದ 14 ಪಂದ್ಯ. ತಂಡಗಳು 200 ಇದ್ದರೆ 199 ಪಂದ್ಯ. ತಂಡಗಳ ಸಂಖ್ಯೆಯಿಂದ ಒಂದನ್ನು ಕಳೆಯಿರಿ, ಅಷ್ಟೆ.

15 ಎಂಬ ಸಂಖ್ಯೆಯನ್ನು ನಾನು ಸುಮ್ಮನೆ ಆರಿಸಿಕೊಂಡಿಲ್ಲ. ಜಗತ್ತಿನ ಅತ್ಯಂತ ಹಳೆಯ ರಾಷ್ಟ್ರೀಯ ಫುಟ್‌ಬಾಲ್ ಕಪ್ ಆದ ಇಂಗ್ಲೆಂಡಿನ ಎಫ್.ಎ. ಕಪ್ಪಿಗೆ ಅದರ ಮೊದಲ ವರ್ಷ, ಅಂದರೆ 1871–72ರಲ್ಲಿ, ಹೆಸರು ಕೊಟ್ಟಿದ್ದ ತಂಡಗಳು ಸರಿಯಾಗಿ 15. ಆ ಒಂದು ಋತುವನ್ನು ಹಿಡಿದು ಲೆಕ್ಕ ಮಾಡಿದರೆ ಪಠ್ಯಪುಸ್ತಕದ ಮೂರು ಅಧ್ಯಾಯಗಳು ಒಟ್ಟಿಗೆ ಸಿಗುತ್ತವೆ. ಪಠ್ಯಪುಸ್ತಕದಲ್ಲಿ ಇಲ್ಲದ ಒಂದು ವಿಷಯವೂ ಸಿಗುತ್ತದೆ. ಗಣಿತ ತೆಗೆದುಕೊಳ್ಳದ ಕಲಾ ವಿಭಾಗದವರೂ ಓದಬಹುದು. ಕೂಡುವುದು, ಗುಣಿಸುವುದು ಗೊತ್ತಿದ್ದರೆ ಸಾಕು.

ಕಪ್ ಹುಟ್ಟಿದ ಬಗೆ

ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ಸ್ಥಾಪನೆಯಾದದ್ದು 1863ರಲ್ಲಿ. ಆಟಕ್ಕೆ ಒಂದೇ ನಿಯಮಾವಳಿ ಮಾಡುವುದು ಅದರ ಮೊದಲ ಉದ್ದೇಶವಾಗಿತ್ತು. ಕ್ಲಬ್ಬುಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಸ್ನೇಹದ ಪಂದ್ಯಗಳನ್ನು ಆಡುತ್ತಿದ್ದವು. ಪಟ್ಟ, ಪದಕ, ಅಂಕಪಟ್ಟಿ ಯಾವುದೂ ಇರಲಿಲ್ಲ.

ಅಸೋಸಿಯೇಷನ್ನಿನ ಕಾರ್ಯದರ್ಶಿಯಾಗಿದ್ದವರು ಚಾರ್ಲ್ಸ್ ಆಲ್ಕಾಕ್. ಅವರು ಹ್ಯಾರೋ ಶಾಲೆಯಲ್ಲಿ ಓದಿದವರು. ಆ ಶಾಲೆಯ ವಸತಿಗೃಹಗಳ ನಡುವೆ ಸೋತವರು ಹೊರಗೆ ಎಂಬ ಪದ್ಧತಿಯಲ್ಲಿ ಪಂದ್ಯಾಟ ನಡೆಯುತ್ತಿತ್ತು. ಅದೇ ಪದ್ಧತಿಯನ್ನು ದೇಶದ ಕ್ಲಬ್ಬುಗಳಿಗೆ ಅನ್ವಯಿಸಬಹುದಲ್ಲ ಎಂದು ಅವರಿಗೆ ಹೊಳೆಯಿತು. 1871ರ ಜುಲೈ 20ರಂದು ಲಂಡನ್ನಿನ ‘ದಿ ಸ್ಪೋರ್ಟ್ಸ್‌ಮನ್’ ಪತ್ರಿಕೆಯ ಕಚೇರಿಯಲ್ಲಿ ನಡೆದ ಸಭೆಯಲ್ಲಿ ಅವರು ಈ ಸಲಹೆ ಇಟ್ಟರು. ಸುಮಾರು 20 ಪೌಂಡ್ ಬೆಲೆಯ ಒಂದು ಸಣ್ಣ ಬೆಳ್ಳಿಯ ಕಪ್ ಮಾಡಿಸಲಾಯಿತು. ಅದಕ್ಕೆ ಕ್ಲಬ್ಬುಗಳೇ ಹಣ ಕೊಟ್ಟವು. ದೂರದ ಗ್ಲಾಸ್ಗೋ ನಗರದ ಕ್ವೀನ್ಸ್ ಪಾರ್ಕ್ ಕ್ಲಬ್ ಕೂಡ ತನ್ನ ಪಾಲಾಗಿ ಒಂದು ಗಿನಿ ಕಳಿಸಿತು. ಈ ಕ್ಲಬ್ಬಿನ ಹೆಸರನ್ನು ನೆನಪಿಟ್ಟುಕೊಳ್ಳಿ.

ಅಂದಿನ ಆಟ ಇಂದಿನ ಹಾಗಿರಲಿಲ್ಲ. ಗೋಲಿನ ಮೇಲೆ ಅಡ್ಡಪಟ್ಟಿ ಇರಲಿಲ್ಲ, ಎರಡು ಕಂಬಗಳ ನಡುವೆ ಒಂದು ಟೇಪ್ ಕಟ್ಟುತ್ತಿದ್ದರು. ಪೆನಾಲ್ಟಿ ಕಿಕ್ ಇರಲಿಲ್ಲ. ಒಂದು ಗೋಲು ಬಿದ್ದ ಕೂಡಲೇ ತಂಡಗಳು ಬದಿ ಬದಲಿಸುತ್ತಿದ್ದವು. ಬದಲಿ ಆಟಗಾರರು ಇರಲಿಲ್ಲ.

ಲೀಗ್ ಬೇಡ, ನಾಕೌಟ್ ಯಾಕೆ?

ಎಲ್ಲರೂ ಎಲ್ಲರ ಜೊತೆ ಒಮ್ಮೆ ಆಡುವ ಪದ್ಧತಿಗೆ ಲೀಗ್ ಎನ್ನುತ್ತೇವೆ. 15 ತಂಡಗಳಿಂದ 2 ತಂಡಗಳನ್ನು ಎಷ್ಟು ವಿಧದಲ್ಲಿ ಆರಿಸಬಹುದು? ವಿಕಲ್ಪದ ಸೂತ್ರ ಹಾಕಿ: 15 × 14 ÷ 2 = 105. ನಾಕೌಟ್‌ನಲ್ಲಿ 14, ಲೀಗ್‌ನಲ್ಲಿ 105. ಅಂದಿನ ಆಟಗಾರರು ಸಂಬಳಕ್ಕೆ ಆಡುವವರಲ್ಲ. ಕಚೇರಿ, ಸೇನೆ, ಕಾಲೇಜುಗಳಲ್ಲಿ ಇದ್ದು ಬಿಡುವಿನ ಶನಿವಾರಗಳಲ್ಲಿ ಆಡುವವರು. ಅವರಿಂದ 105 ಪಂದ್ಯ ಆಗುವ ಮಾತಲ್ಲ. ನಾಕೌಟ್ ಪದ್ಧತಿಯ ಲಾಭ ಇದು: ಕಡಿಮೆ ದಿನ, ಕಡಿಮೆ ಖರ್ಚು. ಇದರ ನಷ್ಟವೇನು ಎಂಬುದನ್ನು ಮುಂದೆ ನೋಡೋಣ.

‘ಬೈ’ ಎಂದರೇನು?

ತಂಡಗಳ ಸಂಖ್ಯೆ 2ರ ಘಾತವಾಗಿದ್ದರೆ, ಅಂದರೆ 4, 8, 16, 32 ಹೀಗಿದ್ದರೆ, ಪ್ರತಿ ಸುತ್ತಿನಲ್ಲೂ ಅರ್ಧಕ್ಕೆ ಅರ್ಧ ಆಗುತ್ತ ಸಲೀಸಾಗಿ ಒಂದಕ್ಕೆ ಬಂದು ನಿಲ್ಲುತ್ತದೆ. 16 ತಂಡಗಳಿದ್ದರೆ ಪಂದ್ಯಗಳು 8 + 4 + 2 + 1 = 15. ಇದು ಗುಣೋತ್ತರ ಶ್ರೇಢಿ. ಮೊತ್ತ ಯಾವಾಗಲೂ ತಂಡಗಳ ಸಂಖ್ಯೆಗಿಂತ ಒಂದು ಕಡಿಮೆ ಬರುವುದನ್ನು ಗಮನಿಸಿ.

ಸಂಖ್ಯೆ 2ರ ಘಾತವಲ್ಲದಿದ್ದರೆ ಕೆಲವು ತಂಡಗಳನ್ನು ಆಡಿಸದೆ ಮುಂದಿನ ಸುತ್ತಿಗೆ ಕಳಿಸಬೇಕಾಗುತ್ತದೆ. ಇದಕ್ಕೆ ‘ಬೈ’ ಎನ್ನುತ್ತಾರೆ. ಎಷ್ಟು ಬೈ ಕೊಡಬೇಕು? ತಂಡಗಳ ಸಂಖ್ಯೆಗಿಂತ ಮೇಲಿನ ಹತ್ತಿರದ 2ರ ಘಾತದಿಂದ ತಂಡಗಳ ಸಂಖ್ಯೆಯನ್ನು ಕಳೆಯಿರಿ. 15ಕ್ಕೆ 16 – 15 = 1. ತಂಡಗಳು 11 ಇದ್ದರೆ 16 – 11 = 5. ಎಲ್ಲ ಬೈಗಳನ್ನೂ ಮೊದಲ ಸುತ್ತಿನಲ್ಲೇ ಕೊಟ್ಟು ಮುಗಿಸಿದರೆ ಮುಂದೆ ತೊಂದರೆ ಇಲ್ಲ. ನಮ್ಮ ತಾಲೂಕು ಮಟ್ಟದ ಕ್ರೀಡಾಕೂಟಗಳಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರು ಮಾಡುವುದು ಇದನ್ನೇ.

ಹಾಗಾಗಿ ಕಾಗದದ ಮೇಲೆ 1871–72ರ ಟೂರ್ನಿ ಹೀಗಿರಬೇಕಿತ್ತು: 15, 8, 4, 2, 1. ಒಟ್ಟು 4 ಸುತ್ತು, 14 ಪಂದ್ಯ.

ಮೈದಾನದಲ್ಲಿ ನಡೆದದ್ದು

ಮೊದಲ ಸುತ್ತು 1871ರ ನವೆಂಬರ್ 11ರಂದು ಶುರುವಾಯಿತು. ಒಂದು ತಂಡಕ್ಕೆ, ಹ್ಯಾಂಪ್‌ಸ್ಟೆಡ್ ಹೀದನ್ಸ್‌ಗೆ, ಬೈ ಸಿಕ್ಕಿತು. ಉಳಿದ 7 ಜೋಡಿಗಳ ಕಥೆ ಇದು:

• ಬಾರ್ನ್ಸ್ ತಂಡ ಸಿವಿಲ್ ಸರ್ವಿಸ್ ತಂಡವನ್ನು ಸೋಲಿಸಿತು.
• ಮೇಡನ್‌ಹೆಡ್ ತಂಡ ಗ್ರೇಟ್ ಮಾರ್ಲೋ ತಂಡವನ್ನು ಸೋಲಿಸಿತು.
• ಕ್ಲಾಪಮ್ ರೋವರ್ಸ್ ತಂಡ ಅಪ್ಟನ್ ಪಾರ್ಕ್ ತಂಡವನ್ನು ಸೋಲಿಸಿತು. ಕ್ಲಾಪಮ್ ತಂಡದ ಜಾರ್ವಿಸ್ ಕೆನ್ರಿಕ್ ಹೊಡೆದ ಗೋಲು ಎಫ್.ಎ. ಕಪ್ಪಿನ ಮೊಟ್ಟಮೊದಲ ಗೋಲು ಎಂದು ದಾಖಲಾಗಿದೆ.
• ಕ್ರಿಸ್ಟಲ್ ಪ್ಯಾಲೇಸ್ ಮತ್ತು ಹಿಚಿನ್ ನಡುವಿನ ಪಂದ್ಯ ಗೋಲಿಲ್ಲದೆ ಸಮವಾಯಿತು. ಅಂದಿನ ನಿಯಮದಂತೆ ಎರಡೂ ತಂಡಗಳನ್ನು ಮುಂದೆ ಕಳಿಸಲಾಯಿತು.
• ರೀಗೇಟ್ ಪ್ರಯರಿ ತಂಡ ಹಿಂದೆ ಸರಿಯಿತು. ರಾಯಲ್ ಎಂಜಿನಿಯರ್ಸ್‌ಗೆ ವಾಕ್‌ಓವರ್.
• ಹ್ಯಾರೋ ಚೆಕರ್ಸ್ ತಂಡ ಹಿಂದೆ ಸರಿಯಿತು. ವಾಂಡರರ್ಸ್‌ಗೆ ವಾಕ್‌ಓವರ್.
• ಗ್ಲಾಸ್ಗೋದ ಕ್ವೀನ್ಸ್ ಪಾರ್ಕ್ ಮತ್ತು ಲಿಂಕನ್‌ಶೈರ್ ಸೀಮೆಯ ಡಾನಿಂಗ್ಟನ್ ಶಾಲೆಯ ತಂಡಗಳು ಎಲ್ಲಿ, ಯಾವಾಗ ಆಡುವುದೆಂದು ಒಪ್ಪಂದಕ್ಕೆ ಬರಲಾಗಲಿಲ್ಲ. ಎರಡನ್ನೂ ಮುಂದೆ ಕಳಿಸಲಾಯಿತು.

ಕಾಗದದ ಲೆಕ್ಕದಲ್ಲಿ 8 ತಂಡ ಉಳಿಯಬೇಕಿತ್ತು, ಉಳಿದದ್ದು 10. ಯಾಕೆ? ಎರಡು ಜೋಡಿಗಳಲ್ಲಿ ಯಾರೂ ಹೊರಗೆ ಹೋಗಲಿಲ್ಲ, ಅದಕ್ಕೆ 8 + 2 = 10.

ಎರಡನೇ ಸುತ್ತಿನಲ್ಲಿ ಡಿಸೆಂಬರ್ 16ರಂದು ವಾಂಡರರ್ಸ್ ತಂಡ ಕ್ಲಾಪಮ್ ರೋವರ್ಸ್ ತಂಡವನ್ನು ಸೋಲಿಸಿತು. ಕ್ರಿಸ್ಟಲ್ ಪ್ಯಾಲೇಸ್ ಮೇಡನ್‌ಹೆಡ್ ಎದುರು, ರಾಯಲ್ ಎಂಜಿನಿಯರ್ಸ್ ಹಿಚಿನ್ ಎದುರು ಗೆದ್ದವು. ಬಾರ್ನ್ಸ್ ಮತ್ತು ಹ್ಯಾಂಪ್‌ಸ್ಟೆಡ್ ಪಂದ್ಯ ಸಮವಾಗಿ, ಮರುಪಂದ್ಯದಲ್ಲಿ ಹ್ಯಾಂಪ್‌ಸ್ಟೆಡ್ ಗೆದ್ದಿತು. ಕ್ವೀನ್ಸ್ ಪಾರ್ಕ್‌ಗೆ ಮತ್ತೆ ಡಾನಿಂಗ್ಟನ್ ಶಾಲೆಯೇ ಎದುರಾಯಿತು. ಶಾಲೆಯ ಹುಡುಗರು ಗ್ಲಾಸ್ಗೋವರೆಗಿನ ಪ್ರಯಾಣದ ಖರ್ಚು ಭರಿಸಲಾರದೆ ಹಿಂದೆ ಸರಿದರು. ಉಳಿದದ್ದು 5 ತಂಡ.

5 ಬೆಸ ಸಂಖ್ಯೆ. ಮತ್ತೆ ಬೈ ಬೇಕಾಯಿತು. ಮೂರನೇ ಸುತ್ತಿನಲ್ಲಿ ಅದು ಕ್ವೀನ್ಸ್ ಪಾರ್ಕ್‌ಗೆ ಹೋಯಿತು. ಎಂಜಿನಿಯರ್ಸ್ ತಂಡ ಹ್ಯಾಂಪ್‌ಸ್ಟೆಡ್ ತಂಡವನ್ನು ಸೋಲಿಸಿತು. ವಾಂಡರರ್ಸ್ ಮತ್ತು ಕ್ರಿಸ್ಟಲ್ ಪ್ಯಾಲೇಸ್ ಪಂದ್ಯ ಗೋಲಿಲ್ಲದೆ ಸಮವಾಗಿ, ಎರಡೂ ಸೆಮಿಫೈನಲ್‌ಗೆ ಹೋದವು. ಹೀಗೆ 4 ತಂಡ.

ಸೆಮಿಫೈನಲ್‌ಗಳು ಲಂಡನ್ನಿನ ಕೆನ್ನಿಂಗ್ಟನ್ ಓವಲ್ ಮೈದಾನದಲ್ಲಿ ನಡೆದವು. ಎಂಜಿನಿಯರ್ಸ್ ಮತ್ತು ಕ್ರಿಸ್ಟಲ್ ಪ್ಯಾಲೇಸ್ ಮೊದಲು ಸಮ ಸಾಧಿಸಿ, ಮರುಪಂದ್ಯದಲ್ಲಿ ಎಂಜಿನಿಯರ್ಸ್ ಗೆದ್ದರು. ಇನ್ನೊಂದು ಸೆಮಿಫೈನಲ್ ವಾಂಡರರ್ಸ್ ಮತ್ತು ಕ್ವೀನ್ಸ್ ಪಾರ್ಕ್ ನಡುವೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಲೆಕ್ಕ ತಾಳೆ ನೋಡೋಣ.

ಲೆಕ್ಕ ತಾಳೆ

ಆ ಋತುವಿನ ಪಂದ್ಯಗಳನ್ನು ಎಣಿಸಿ. ಮೊದಲ ಸುತ್ತಿನಲ್ಲಿ ನಿಜವಾಗಿ ನಡೆದದ್ದು 4. ಎರಡನೇ ಸುತ್ತಿನಲ್ಲಿ ಮರುಪಂದ್ಯ ಸೇರಿ 5. ಮೂರನೇ ಸುತ್ತಿನಲ್ಲಿ 2. ಸೆಮಿಫೈನಲ್‌ನಲ್ಲಿ ಮರುಪಂದ್ಯ ಸೇರಿ 3. ಫೈನಲ್ 1. ಒಟ್ಟು 15 ಪಂದ್ಯ.

ನಮ್ಮ ಸೂತ್ರ 14 ಎನ್ನುತ್ತದೆ, ನಡೆದದ್ದು 15. ಸೂತ್ರ ತಪ್ಪಾಯಿತೆ? ಇಲ್ಲ. ಸೂತ್ರದ ಹಿಂದೆ ಎರಡು ಊಹೆಗಳಿದ್ದವು. ಒಂದು, ಪ್ರತಿ ಪಂದ್ಯದಲ್ಲೂ ಒಬ್ಬರು ಸೋಲುತ್ತಾರೆ. ಎರಡು, ಸೋಲದೆ ಯಾರೂ ಹೊರಗೆ ಹೋಗುವುದಿಲ್ಲ. ಆ ವರ್ಷ ಎರಡೂ ಊಹೆ ನಿಲ್ಲಲಿಲ್ಲ. 15 ಪಂದ್ಯಗಳಲ್ಲಿ 5 ಸಮವಾದವು. ಅವು ಯಾರನ್ನೂ ಹೊರಗೆ ಕಳಿಸಲಿಲ್ಲ. ಉಳಿದ 10 ಪಂದ್ಯಗಳು 10 ತಂಡಗಳನ್ನು ಹೊರಗೆ ಕಳಿಸಿದವು: ಸಿವಿಲ್ ಸರ್ವಿಸ್, ಗ್ರೇಟ್ ಮಾರ್ಲೋ, ಅಪ್ಟನ್ ಪಾರ್ಕ್, ಕ್ಲಾಪಮ್ ರೋವರ್ಸ್, ಮೇಡನ್‌ಹೆಡ್, ಹಿಚಿನ್, ಬಾರ್ನ್ಸ್, ಹ್ಯಾಂಪ್‌ಸ್ಟೆಡ್ ಹೀದನ್ಸ್, ಕ್ರಿಸ್ಟಲ್ ಪ್ಯಾಲೇಸ್, ಕೊನೆಗೆ ಫೈನಲ್‌ನಲ್ಲಿ ರಾಯಲ್ ಎಂಜಿನಿಯರ್ಸ್.

ಹೊರಗೆ ಹೋಗಬೇಕಾದವರು 14. ಸೋತು ಹೋದವರು 10. ಉಳಿದ 4 ಎಲ್ಲಿ? ರೀಗೇಟ್ ಪ್ರಯರಿ, ಹ್ಯಾರೋ ಚೆಕರ್ಸ್, ಡಾನಿಂಗ್ಟನ್ ಶಾಲೆ, ಕ್ವೀನ್ಸ್ ಪಾರ್ಕ್. ಈ ನಾಲ್ಕು ತಂಡಗಳು ಒಂದು ಪಂದ್ಯವನ್ನೂ ಸೋಲದೆ ಹೊರಗೆ ಹೋದವು. 10 + 4 = 14. ಸೂತ್ರ ಸರಿಯಾಗಿ ಕೂತಿತು.

ನಾನು ಈ ಋತುವನ್ನು ಪಾಠಕ್ಕೆ ಆರಿಸಿಕೊಂಡಿರುವುದು ಈ 4ಕ್ಕಾಗಿ. ಸೂತ್ರ ಎಷ್ಟು ಜನ ಹೊರಗೆ ಹೋದರು ಎಂದು ಹೇಳುತ್ತದೆ. ಯಾಕೆ ಹೋದರು ಎಂದು ಹೇಳುವುದಿಲ್ಲ. ಅದನ್ನು ನಾವು ವಿಚಾರಿಸಬೇಕು.

ಕ್ವೀನ್ಸ್ ಪಾರ್ಕ್

ಈಗ ಆ ಇನ್ನೊಂದು ಸೆಮಿಫೈನಲ್‌ಗೆ ಬರೋಣ. ಕ್ವೀನ್ಸ್ ಪಾರ್ಕ್ ತಂಡ ಒಂದೇ ಒಂದು ಪಂದ್ಯ ಆಡದೆ ಸೆಮಿಫೈನಲ್ ತಲುಪಿತ್ತು. ಕಾಗದದ ಮೇಲೆ ಇದು ದೊಡ್ಡ ಅನುಕೂಲ. ಎಲ್ಲ ತಂಡಗಳೂ ಸಮಬಲ, ಪ್ರತಿ ಪಂದ್ಯದಲ್ಲಿ ಗೆಲ್ಲುವ ಸಂಭವನೀಯತೆ ಅರ್ಧ ಎಂದು ಇಟ್ಟುಕೊಳ್ಳಿ. ನಾಲ್ಕು ಪಂದ್ಯ ಗೆಲ್ಲಬೇಕಾದವರಿಗೆ ಕಪ್ ಸಿಗುವ ಸಂಭವನೀಯತೆ ½ × ½ × ½ × ½ = 1/16. ಒಂದು ಬೈ ಸಿಕ್ಕವರಿಗೆ 1/8. ಎರಡೇ ಪಂದ್ಯ ಉಳಿದವರಿಗೆ 1/4. ಹಾಗೆ ನೋಡಿದರೆ ಕ್ವೀನ್ಸ್ ಪಾರ್ಕ್ ಅದೃಷ್ಟಶಾಲಿ ತಂಡ.

ಆದರೆ ಆ ತಂಡ ಗ್ಲಾಸ್ಗೋದಿಂದ ಲಂಡನ್‌ಗೆ ಬರಬೇಕಿತ್ತು. ಸುಮಾರು 640 ಕಿಲೋಮೀಟರ್ ರೈಲು ಪ್ರಯಾಣ, ಹನ್ನೊಂದು ಜನರ ಟಿಕೆಟ್, ಊಟ, ವಸತಿ. ಹೇಗೋ ಹಣ ಕೂಡಿಸಿಕೊಂಡು 1872ರ ಮಾರ್ಚ್ ಮೊದಲ ವಾರದಲ್ಲಿ ಬಂದರು. ವಾಂಡರರ್ಸ್ ಎದುರು ಆಡಿದರು. ಪಂದ್ಯ ಗೋಲಿಲ್ಲದೆ ಸಮವಾಯಿತು. ಮರುಪಂದ್ಯ ಆಡುವ ಹಕ್ಕು ಎರಡೂ ತಂಡಗಳಿಗಿತ್ತು. ವಾಂಡರರ್ಸ್ ಲಂಡನ್ನಿನವರು, ಮನೆಗೆ ಹೋಗಿ ಮತ್ತೊಂದು ದಿನ ಬಂದರಾಯಿತು. ಕ್ವೀನ್ಸ್ ಪಾರ್ಕ್‌ನವರಲ್ಲಿ ಲಂಡನ್‌ನಲ್ಲಿ ಉಳಿಯಲೂ ಹಣವಿರಲಿಲ್ಲ, ಮತ್ತೊಮ್ಮೆ ಬರಲೂ ಹಣವಿರಲಿಲ್ಲ. ಅವರು ಹಿಂದೆ ಸರಿದು ಊರಿಗೆ ಹೋದರು. ವಾಂಡರರ್ಸ್ ಫೈನಲ್‌ಗೆ ಹೋಯಿತು.

1/4 ಎಂದು ನಾವು ಲೆಕ್ಕ ಹಾಕಿದ ಸಂಭವನೀಯತೆ ರೈಲಿನ ಟಿಕೆಟ್ಟಿನ ಮುಂದೆ ಸೊನ್ನೆಯಾಯಿತು. ನಿಯಮ ಎಲ್ಲರಿಗೂ ಒಂದೇ ಆಗಿತ್ತು, ಯಾರೂ ಅವರಿಗೆ ಅನ್ಯಾಯ ಮಾಡಲಿಲ್ಲ. ಆದರೆ ಒಂದೇ ನಿಯಮ ಪಾಲಿಸಲು ಒಬ್ಬರಿಗೆ ತಗಲುವ ಖರ್ಚು ಬೇರೆ, ಇನ್ನೊಬ್ಬರಿಗೆ ತಗಲುವ ಖರ್ಚು ಬೇರೆ.

ಆ ತಂಡ ದುರ್ಬಲವಾಗಿತ್ತೆ? ಅದೇ ವರ್ಷ ನವೆಂಬರ್ 30ರಂದು ಗ್ಲಾಸ್ಗೋದಲ್ಲಿ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ನಡುವೆ ಮೊದಲ ಅಧಿಕೃತ ಅಂತರರಾಷ್ಟ್ರೀಯ ಫುಟ್‌ಬಾಲ್ ಪಂದ್ಯ ನಡೆಯಿತು. ಸ್ಕಾಟ್ಲೆಂಡ್ ಪರವಾಗಿ ಆಡಿದ ಹನ್ನೊಂದು ಜನರೂ ಕ್ವೀನ್ಸ್ ಪಾರ್ಕ್ ಕ್ಲಬ್ಬಿನವರೇ. ಇಂಗ್ಲೆಂಡಿಗೆ ಗೋಲು ಹೊಡೆಯಲು ಆಗಲಿಲ್ಲ, ಪಂದ್ಯ 0–0. ಇಡೀ ಇಂಗ್ಲೆಂಡಿನಿಂದ ಆರಿಸಿದ ತಂಡಕ್ಕೆ ಸಮನಾಗಿ ನಿಂತವರು ಎಂಟು ತಿಂಗಳ ಹಿಂದೆ ಹಣವಿಲ್ಲದೆ ಟೂರ್ನಿ ಬಿಟ್ಟು ಹೋದವರು.

ಫೈನಲ್

1872ರ ಮಾರ್ಚ್ 16, ಶನಿವಾರ, ಕೆನ್ನಿಂಗ್ಟನ್ ಓವಲ್. ಪ್ರೇಕ್ಷಕರು ಸುಮಾರು 2,000. ಗೆಲ್ಲುವ ತಂಡವೆಂದು ಹೆಚ್ಚಿನವರು ಎಣಿಸಿದ್ದು ಸೇನೆಯ ರಾಯಲ್ ಎಂಜಿನಿಯರ್ಸ್ ತಂಡವನ್ನು. ಆದರೆ ಆಟ ಶುರುವಾಗಿ ಹತ್ತು ನಿಮಿಷದ ಹೊತ್ತಿಗೆ ಅವರ ಲೆಫ್ಟಿನೆಂಟ್ ಕ್ರೆಸ್‌ವೆಲ್ ಬಿದ್ದು ಕೊರಳೆಲುಬು ಮುರಿಯಿತು. ಬದಲಿ ಆಟಗಾರ ಇಲ್ಲದ ಕಾಲ. ಅವರು ಮೈದಾನ ಬಿಡದೆ ಕೊನೆಯವರೆಗೂ ನಿಂತರು. ಹದಿನೈದನೇ ನಿಮಿಷದ ಹೊತ್ತಿಗೆ ವಾಂಡರರ್ಸ್ ಒಂದು ಗೋಲು ಹೊಡೆಯಿತು. ಮತ್ತೆ ಗೋಲು ಬರಲಿಲ್ಲ. 1–0. ವಾಂಡರರ್ಸ್ ತಂಡದ ನಾಯಕರು ಬೇರೆ ಯಾರೂ ಅಲ್ಲ, ಕಪ್ಪಿನ ಸಲಹೆ ಇಟ್ಟ ಆಲ್ಕಾಕ್ ಅವರೇ.

ಗೋಲು ಹೊಡೆದವರ ಹೆಸರು ‘ಎ. ಎಚ್. ಚೆಕರ್’ ಎಂದಿತ್ತು. ನಿಜವಾದ ಹೆಸರು ಮಾರ್ಟನ್ ಬೆಟ್ಸ್. ಅವರು ಹ್ಯಾರೋ ಚೆಕರ್ಸ್ ಕ್ಲಬ್ಬಿನವರು. ಮೊದಲ ಸುತ್ತಿನಲ್ಲಿ ಆಡದೆ ಹಿಂದೆ ಸರಿದ ತಂಡವೊಂದರ ಆಟಗಾರ ಫೈನಲ್‌ನ ಏಕೈಕ ಗೋಲು ಹೊಡೆದರು. ಹೊರಗೆ ಹೋದ ತಂಡದಲ್ಲಿ ಸಾಮರ್ಥ್ಯ ಇರಲಿಲ್ಲ ಎಂದು ಹೇಳಲಾಗದು ಎಂಬುದಕ್ಕೆ ಇದು ಎರಡನೇ ಸಾಕ್ಷಿ.

ಕಪ್ ಗೆದ್ದ ವಾಂಡರರ್ಸ್ ತಂಡದ ಲೆಕ್ಕವನ್ನೂ ನೋಡಿ: ಒಂದು ವಾಕ್‌ಓವರ್, ಒಂದು ಗೆಲುವು, ಎರಡು ಸಮ, ಫೈನಲ್‌ನಲ್ಲಿ ಗೆಲುವು. ಇಡೀ ಟೂರ್ನಿಯಲ್ಲಿ ಮೈದಾನದ ಮೇಲೆ ಗೆದ್ದದ್ದು ಎರಡೇ ಪಂದ್ಯ.

ಉತ್ತಮ ತಂಡವೇ ಗೆಲ್ಲುತ್ತದೆಯೇ?

ಈಗ ನಾಕೌಟ್ ಪದ್ಧತಿಯ ನಷ್ಟದ ಕಡೆ ಬರೋಣ. ಒಂದು ತಂಡ ಬಹಳ ಬಲಿಷ್ಠವಾಗಿದೆ, ಯಾರ ಎದುರು ಆಡಿದರೂ ಗೆಲ್ಲುವ ಸಂಭವನೀಯತೆ 0.7 ಎಂದುಕೊಳ್ಳಿ. ನಾಲ್ಕು ಪಂದ್ಯಗಳು ಸ್ವತಂತ್ರ ಘಟನೆಗಳು ಎಂದು ಇಟ್ಟುಕೊಂಡರೆ ಕಪ್ ಗೆಲ್ಲುವ ಸಂಭವನೀಯತೆ 0.7 × 0.7 × 0.7 × 0.7 = 0.2401. ನೂರರಲ್ಲಿ 24 ಮಾತ್ರ. 0.8 ಆದರೆ 0.4096. ಅರ್ಧವೂ ಇಲ್ಲ. 0.9 ಆದರೆ 0.6561. ಹತ್ತರಲ್ಲಿ ಒಂಬತ್ತು ಪಂದ್ಯ ಗೆಲ್ಲುವ ತಂಡಕ್ಕೂ ಮೂರರಲ್ಲಿ ಒಂದು ಸಲ ಕಪ್ ತಪ್ಪುತ್ತದೆ.

ಎರಡನೇ ಸ್ಥಾನದ ವಿಷಯ ಇನ್ನೂ ಸ್ವಾರಸ್ಯಕರ. ಉತ್ತಮ ತಂಡವೇ ಯಾವಾಗಲೂ ಗೆಲ್ಲುತ್ತದೆ ಎಂದು ಇಟ್ಟುಕೊಂಡರೂ ಎರಡನೇ ಉತ್ತಮ ತಂಡ ಫೈನಲ್ ತಲುಪುತ್ತದೆ ಎಂಬ ಖಾತ್ರಿ ಇಲ್ಲ. 16 ತಂಡಗಳನ್ನು ಚೀಟಿ ಎತ್ತಿ ನಕ್ಷೆಯಲ್ಲಿ ಕೂರಿಸಿ. ಮೊದಲ ತಂಡ ಒಂದು ಜಾಗದಲ್ಲಿ ಕೂತ ಮೇಲೆ ಉಳಿದ ಜಾಗ 15. ಅವುಗಳಲ್ಲಿ ನಕ್ಷೆಯ ಇನ್ನೊಂದು ಅರ್ಧದಲ್ಲಿರುವುದು 8. ಎರಡನೇ ತಂಡ ಆ 8ರಲ್ಲಿ ಕೂತರೆ ಮಾತ್ರ ಫೈನಲ್. ಸಂಭವನೀಯತೆ 8/15. ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ.

ಈ ಲೆಕ್ಕವನ್ನು 1883ರಲ್ಲೇ ಒಬ್ಬ ಗಣಿತಜ್ಞರು ಮಾಡಿ ಕಿರುಪುಸ್ತಕ ಬರೆದಿದ್ದರು. ಆಕ್ಸ್‌ಫರ್ಡಿನ ಚಾರ್ಲ್ಸ್ ಡಾಡ್ಜ್‌ಸನ್. ‘ಆಲಿಸ್’ ಕಥೆ ಬರೆದ ಲೂಯಿಸ್ ಕ್ಯಾರಲ್ ಎಂದರೆ ನಿಮಗೆ ಗೊತ್ತಾದೀತು. ಟೆನಿಸ್ ಟೂರ್ನಿಗಳಲ್ಲಿ 32 ಆಟಗಾರರಿದ್ದರೆ ಎರಡನೇ ಬಹುಮಾನ ನಿಜವಾದ ಅರ್ಹರಿಗೆ ಸಿಗುವ ಸಂಭವನೀಯತೆ 16/31 ಎಂದು ಅವರು ತೋರಿಸಿದರು. ನಮ್ಮ 8/15ರ ಅಣ್ಣ ಇದು.

ನಮ್ಮ ದೇಶಕ್ಕೆ ಬಂದ ನಾಕೌಟ್

ಈ ಪದ್ಧತಿ ಬ್ರಿಟಿಷ್ ಸೇನೆಯ ಜೊತೆ ನಮ್ಮ ದೇಶಕ್ಕೂ ಬಂತು. 1888ರಲ್ಲಿ ಶಿಮ್ಲಾದಲ್ಲಿ ಡ್ಯುರಾಂಡ್ ಕಪ್, 1891ರಲ್ಲಿ ಬಾಂಬೆಯಲ್ಲಿ ರೋವರ್ಸ್ ಕಪ್ ಶುರುವಾದವು. ದಶಕಗಳ ಕಾಲ ಗೆಲ್ಲುತ್ತಿದ್ದದ್ದು ಬ್ರಿಟಿಷ್ ರೆಜಿಮೆಂಟುಗಳು. 1937ರಲ್ಲಿ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ನಮ್ಮ ಬೆಂಗಳೂರಿನದು: ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಆ ಕಪ್ ಅವರದೇ ಆಯಿತು. 1940ರಲ್ಲಿ ಡ್ಯುರಾಂಡ್ ಕಪ್ಪನ್ನು ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್ ಗೆದ್ದಿತು. ಮೈದಾನಕ್ಕೆ ಬರಲು ಅವಕಾಶ ಸಿಕ್ಕ ಮೇಲೆ ಏನಾಗುತ್ತದೆ ಎಂಬುದಕ್ಕೆ ಇವು ಉದಾಹರಣೆಗಳು.

ನಮ್ಮ ಹಾಜರಿ ಪುಸ್ತಕದ ಲೆಕ್ಕ

ತರಗತಿಯ ಹಾಜರಿ ಪುಸ್ತಕ ಹಿಡಿದು ನನಗೆ ಹಲವು ವರ್ಷಗಳಾದವು. ಜೂನ್‌ನಲ್ಲಿ ಬರೆದ ಹೆಸರುಗಳೆಲ್ಲ ಫೆಬ್ರವರಿಯಲ್ಲಿ ಇರುವುದಿಲ್ಲ. ನಡುವೆ ಕೆಲವು ಹೆಸರುಗಳ ಮೇಲೆ ಕೆಂಪು ಗೆರೆ ಬೀಳುತ್ತದೆ. ಫಲಿತಾಂಶ ಬಂದ ದಿನ ನಾವು ಶೇಕಡಾವಾರು ಲೆಕ್ಕ ಹಾಕುವುದು ಪರೀಕ್ಷೆಗೆ ಕುಳಿತವರನ್ನು ಹಿಡಿದು. ಕೆಂಪು ಗೆರೆ ಬಿದ್ದವರು ಪಾಸಾದವರ ಪಟ್ಟಿಯಲ್ಲೂ ಇಲ್ಲ, ಫೇಲಾದವರ ಪಟ್ಟಿಯಲ್ಲೂ ಇಲ್ಲ. ಅವರು ಸೋಲದೆ ಹೊರಗೆ ಹೋದವರು.

ಯಾಕೆ ಹೋದರು ಎಂದು ವಿಚಾರಿಸಿದರೆ ಗಣಿತ ಕಷ್ಟವಾಯಿತು ಎಂಬ ಉತ್ತರ ಸಿಗುವುದು ಅಪರೂಪ. ಬಸ್ಸಿನ ಖರ್ಚು. ತಂದೆಗೆ ಕಾಯಿಲೆ, ಅಂಗಡಿಯಲ್ಲಿ ಕೂರಲು ಜನ ಇಲ್ಲ. ಪರೀಕ್ಷಾ ಶುಲ್ಕ ಕಟ್ಟುವ ದಿನ ಮನೆಯಲ್ಲಿ ದುಡ್ಡಿರಲಿಲ್ಲ, ಕೇಳಲು ನಾಚಿಕೆ. ಮದುವೆ ಗೊತ್ತಾಯಿತು. ಇವರಲ್ಲಿ ಚೆನ್ನಾಗಿ ಓದುವವರೂ ಇದ್ದರು.

ನೆನಪಿಡಿ, ನಿಮ್ಮ ಪರೀಕ್ಷೆ ನಾಕೌಟ್ ಅಲ್ಲ. ದ್ವಿತೀಯ ಪಿಯುಸಿಗೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಒಂದರಲ್ಲಿ ಎಡವಿದರೆ ಮರುಪಂದ್ಯ ಇದೆ. ಆದರೆ ಮರುಪಂದ್ಯದ ಹಕ್ಕು ಕ್ವೀನ್ಸ್ ಪಾರ್ಕ್‌ಗೂ ಇತ್ತು. ಹಕ್ಕು ಇದ್ದರೆ ಸಾಲದು, ಆ ದಿನದವರೆಗೆ ಉಳಿದುಕೊಳ್ಳುವ ವ್ಯವಸ್ಥೆಯೂ ಬೇಕು. ಆ ವ್ಯವಸ್ಥೆ ವಿದ್ಯಾರ್ಥಿಯೊಬ್ಬನ, ವಿದ್ಯಾರ್ಥಿನಿಯೊಬ್ಬಳ ಹೆಗಲ ಮೇಲೆ ಮಾತ್ರ ಬಿಡುವಂಥದ್ದಲ್ಲ. ಸಹೋದ್ಯೋಗಿಗಳಲ್ಲಿ ನನ್ನ ವಿನಂತಿ: ಸತತ ಒಂದು ವಾರ ಹಾಜರಿಲ್ಲದ ಹೆಸರನ್ನು ಗೆರೆ ಎಳೆಯುವ ಮೊದಲು ಒಮ್ಮೆ ಫೋನ್ ಮಾಡಿ ವಿಚಾರಿಸೋಣ. ವಿದ್ಯಾರ್ಥಿಗಳಲ್ಲಿ ವಿನಂತಿ: ಬಿಟ್ಟುಹೋಗುವ ನಿರ್ಧಾರ ಮಾಡುವ ಮೊದಲು ನಮ್ಮಲ್ಲಿ ಒಬ್ಬರಿಗಾದರೂ ಹೇಳಿ. ವಿದ್ಯಾರ್ಥಿವೇತನ, ಬಸ್ ಪಾಸ್, ಶುಲ್ಕದ ಕಂತು, ಏನಾದರೊಂದು ದಾರಿ ಹುಡುಕಬಹುದು. ಪಕ್ಕದ ಬೆಂಚಿನ ಗೆಳೆಯ ನಾಲ್ಕು ದಿನ ಬರಲಿಲ್ಲವೆಂದರೆ ನಮಗಿಂತ ಮೊದಲು ಗೊತ್ತಾಗುವುದು ನಿಮಗೆ. ಬಂದು ತಿಳಿಸಿ.

ಕ್ವೀನ್ಸ್ ಪಾರ್ಕ್ ಮುಂದೆ ಏನಾಯಿತು ಎಂಬುದನ್ನೂ ಹೇಳಿಬಿಡುತ್ತೇನೆ. 1872–73ರಲ್ಲಿ ಅವರಿಗೆ ನೇರವಾಗಿ ಸೆಮಿಫೈನಲ್‌ಗೆ ಪ್ರವೇಶ ಸಿಕ್ಕಿತು. ಮತ್ತೆ ಪ್ರಯಾಣದ ಖರ್ಚಿನಿಂದಾಗಿ ಹಿಂದೆ ಸರಿಯಬೇಕಾಯಿತು. ಆದರೆ ಅವರು ಆಟ ಬಿಡಲಿಲ್ಲ. 1873ರ ಮಾರ್ಚ್‌ನಲ್ಲಿ ಇತರ ಕ್ಲಬ್ಬುಗಳನ್ನು ಕೂಡಿಸಿಕೊಂಡು ಸ್ಕಾಟಿಷ್ ಫುಟ್‌ಬಾಲ್ ಅಸೋಸಿಯೇಷನ್ ಕಟ್ಟಿದರು. ಸ್ಕಾಟ್ಲೆಂಡಿನದೇ ಕಪ್ ಶುರುವಾಯಿತು. ಮೊದಲ ಮೂರು ವರ್ಷ ಅದನ್ನು ಗೆದ್ದವರು ಕ್ವೀನ್ಸ್ ಪಾರ್ಕ್. ಮುಂದೆ 1884 ಮತ್ತು 1885ರಲ್ಲಿ ಎಫ್.ಎ. ಕಪ್ಪಿನ ಫೈನಲ್‌ಗೂ ಹೋದರು. ಎರಡು ಸಲವೂ ಬ್ಲ್ಯಾಕ್‌ಬರ್ನ್ ರೋವರ್ಸ್ ಎದುರು ಸೋತರು. ಆದರೆ ಅದು ಆಡಿ ಸೋತದ್ದು.

ಅಭ್ಯಾಸಕ್ಕೆ

1. ಒಂದು ಕ್ರೀಡಾಕೂಟಕ್ಕೆ 23 ಕಾಲೇಜುಗಳ ತಂಡಗಳು ಬಂದಿವೆ. ನಾಕೌಟ್ ಪದ್ಧತಿಯಲ್ಲಿ ಎಷ್ಟು ಬೈ, ಎಷ್ಟು ಸುತ್ತು, ಎಷ್ಟು ಪಂದ್ಯ? ಲೀಗ್ ಪದ್ಧತಿಯಲ್ಲಾದರೆ ಎಷ್ಟು ಪಂದ್ಯ?

2. 15 ಸಮಬಲದ ತಂಡಗಳಲ್ಲಿ ಒಂದಕ್ಕೆ ಮೊದಲ ಸುತ್ತಿನಲ್ಲಿ ಬೈ. ಬೈ ಸಿಕ್ಕ ತಂಡ ಕಪ್ ಗೆಲ್ಲುವ ಸಂಭವನೀಯತೆ 1/8, ಉಳಿದ ಪ್ರತಿ ತಂಡಕ್ಕೆ 1/16. ಎಲ್ಲವನ್ನೂ ಕೂಡಿದರೆ ಮೊತ್ತ 1 ಬರುತ್ತದೆಂದು ತೋರಿಸಿ.

3. 8 ತಂಡಗಳ ನಾಕೌಟ್‌ನಲ್ಲಿ ಉತ್ತಮ ತಂಡವೇ ಸದಾ ಗೆಲ್ಲುವುದಾದರೆ, ಎರಡನೇ ಉತ್ತಮ ತಂಡ ಫೈನಲ್ ತಲುಪುವ ಸಂಭವನೀಯತೆ ಎಷ್ಟು? 64 ತಂಡಗಳಾದರೆ?

4. ಒಂದು ಟೂರ್ನಿಗೆ 20 ತಂಡಗಳು ಹೆಸರು ಕೊಟ್ಟವು. ಒಟ್ಟು 18 ಪಂದ್ಯ ನಡೆದು, ಅವುಗಳಲ್ಲಿ 3 ಸಮವಾದವು. ಸೋಲದೆ ಹೊರಗೆ ಹೋದ ತಂಡಗಳು ಎಷ್ಟು?

ಉತ್ತರಗಳನ್ನು ಬರೆದುಕೊಂಡು ಬಿಡುವಿನ ವೇಳೆಯಲ್ಲಿ ಗಣಿತ ವಿಭಾಗಕ್ಕೆ ಬನ್ನಿ. ನಾಲ್ಕನೆಯದನ್ನು ಮೊದಲು ಮಾಡಿ.